ಕುಡಿತ ಬಿಟ್ಟವನಿಗೆ ನೌಕರಿಯ ಬಾಗಿಲು ಮುಚ್ಚುವುದೇ? – ಚಿಕಿತ್ಸೆ, ಪೊಲೀಸ್ ವೆರಿಫಿಕೇಷನ್ ಮತ್ತು ನಾವು ತಿಳಿದಿರಬೇಕಾದ ವಿಷಯಗಳು

"ಫಾದರ್, ಕುಡಿಯೂದು ಬಿಡಸಾಕ ದವಾಖಾನಿಗೆ ಸೇರಿದ್ರ ಹೆಸರು ಪೊಲೀಸ್ ರೆಕಾರ್ಡಿಗೆ ಹೋಗ್ತದೇನ್ರಿ? ಮುಂದ ನೌಕರಿ ಸಿಗೂದಿಲ್ಲ ಅಂತಾರಲ್ರಿ?"

ವಿಜಯಪುರದ ಕಡೆಯಿಂದ ಮಂಗಳೂರಿಗೆ ದುಡಿಯಲು ಬಂದ ಯುವಕನೊಬ್ಬ ಇಂಥ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಸರಿಯಾದ ಉತ್ತರ ಗೊತ್ತು? ಪ್ರಶ್ನೆ ಸಣ್ಣದಲ್ಲ. ಈ ಒಂದು ಹೆದರಿಕೆಯಿಂದಲೇ ಚಿಕಿತ್ಸೆಗೆ ಹೋಗದೆ ಉಳಿಯುವವರಿದ್ದಾರೆ. ಮಗನ ಹೆಸರು ಕೆಡುತ್ತದೆಂದು ತಾಯಿ ತಡೆಯುತ್ತಾಳೆ. ನೌಕರಿ ಹೋಗುತ್ತದೆಂದು ಹೆಂಡತಿ ಮುಚ್ಚಿಡುತ್ತಾಳೆ. ಅಷ್ಟರಲ್ಲಿ ಕುಡಿತ ಮನೆಯನ್ನೇ ನುಂಗಿರುತ್ತದೆ.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ವಿಷಯ ಕರಾವಳಿಯವರಿಗೆ ಯಾಕೆ ಎಂದು ಕೆಲವರು ಕೇಳಬಹುದು. ಆ ಜಿಲ್ಲೆಯ ನೂರಾರು ಕುಟುಂಬಗಳು ನಮ್ಮೂರಿನ ಕಟ್ಟಡ, ರಸ್ತೆ ಕೆಲಸಗಳಲ್ಲಿವೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ಹಲವು ಧರ್ಮಗುರುಗಳು, ಧರ್ಮಭಗಿನಿಯರು ಉತ್ತರ ಕರ್ನಾಟಕದ ಊರುಗಳಲ್ಲಿ ಸೇವೆ ಮಾಡುತ್ತಿದ್ದಾರೆ. ಆ ಭಾಗದ ಯುವಕರಿಗೆ ಸೇನೆ ಮತ್ತು ಪೊಲೀಸ್ ನೌಕರಿಯ ಮೇಲೆ ವಿಶೇಷ ಒಲವು. 1963ರಲ್ಲಿ ಆರಂಭವಾದ ಸೈನಿಕ ಶಾಲೆ ಇರುವುದೂ ವಿಜಯಪುರದಲ್ಲೇ. ನಮ್ಮ ಮಕ್ಕಳು ಹಡಗು, ವಿಮಾನ ನಿಲ್ದಾಣ, ಗಲ್ಫ್ ಎಂದು ಹೊರಟರೆ ಅಲ್ಲಿಯ ಮಕ್ಕಳು ಸೇನಾ ಭರ್ತಿ ರ‍್ಯಾಲಿಗೆ ಹೊರಡುತ್ತಾರೆ. ಇಬ್ಬರೂ ದಾಟಬೇಕಾದ ಬಾಗಿಲು ಒಂದೇ: ಪೂರ್ವಾಪರ ಪರಿಶೀಲನೆ. ಜನರು ಇದನ್ನು ಪೊಲೀಸ್ ವೆರಿಫಿಕೇಷನ್ ಎನ್ನುತ್ತಾರೆ, ದೊಡ್ಡ ಹುದ್ದೆಗಳಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಎನ್ನುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಕುಡಿತಕ್ಕೆ ಚಿಕಿತ್ಸೆ ಪಡೆಯುವುದು ಅಪರಾಧವಲ್ಲ. ಅದು ಪೊಲೀಸ್ ದಾಖಲೆಗೆ ಹೋಗುವ ವಿಷಯವೂ ಅಲ್ಲ. ನೌಕರಿಗೆ ಅಡ್ಡ ಬರುವುದು ಮೂರು ಸಂಗತಿಗಳು: ಕುಡಿದ ಅಮಲಿನಲ್ಲಿ ಮಾಡಿಕೊಂಡ ಕೇಸು, ಇನ್ನೂ ನಿಲ್ಲದ ಕುಡಿತ, ಅರ್ಜಿಯಲ್ಲಿ ಬರೆದ ಸುಳ್ಳು. ಈ ಮೂರರಲ್ಲಿ ಮೊದಲನೆಯದು ಮುಂದೆ ಆಗದಂತೆ ತಡೆಯುವುದೂ ಎರಡನೆಯದನ್ನು ಕೊನೆಗಾಣಿಸುವುದೂ ಚಿಕಿತ್ಸೆಯೇ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಎಲ್ಲೆಲ್ಲಿ ಪರಿಶೀಲನೆ ನಡೆಯುತ್ತದೆ?

ಕೇಂದ್ರ ಮತ್ತು ರಾಜ್ಯ ಸರ್ಕಾರದ ನೌಕರಿ, ಸೇನೆ, ಪೊಲೀಸ್, ರೈಲ್ವೆ – ಇವುಗಳಿಗೆ ಆಯ್ಕೆಯಾದವರ ಪೂರ್ವಾಪರ ಪರಿಶೀಲನೆ ಕಡ್ಡಾಯ. ವಿಮಾನ ನಿಲ್ದಾಣದ ಒಳಗೆ ಕೆಲಸ ಮಾಡುವವರಿಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಪ್ರವೇಶ ಪರವಾನಗಿ ಬೇಕು. ಅದಕ್ಕೂ ಪೊಲೀಸ್ ಪರಿಶೀಲನೆ ಆಗಬೇಕು. ಮಂಗಳೂರಿನ ಎಂಆರ್‌ಪಿಎಲ್, ನವ ಮಂಗಳೂರು ಬಂದರು, ಕೈಗಾ ಅಣು ವಿದ್ಯುತ್ ಸ್ಥಾವರ, ಕಾರವಾರದ ನೌಕಾನೆಲೆ ಮೊದಲಾದ ಕಡೆ ಗುತ್ತಿಗೆ ಕೆಲಸಗಾರನಾದರೂ ಹೇಳದೆ ಕೇಳದೆ ಒಳಗೆ ಹೋಗುವಂತಿಲ್ಲ, ಗೇಟ್ ಪಾಸ್ ಬೇಕು.

ಖಾಸಗಿ ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೂ ಕಾನೂನು ಇದೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಗಾರ್ಡ್‌ನ ನಡತೆ, ಪೂರ್ವಾಪರ ತೃಪ್ತಿಕರವಾಗಿರಬೇಕು. ನ್ಯಾಯಾಲಯದಲ್ಲಿ ಶಿಕ್ಷೆಯಾದವರನ್ನೂ, ದುರ್ನಡತೆಗಾಗಿ ಸೇನೆ ಅಥವಾ ಪೊಲೀಸ್ ಇಲಾಖೆಯಿಂದ ವಜಾ ಆದವರನ್ನೂ ಸೇರಿಸಿಕೊಳ್ಳುವಂತಿಲ್ಲ. ನಿವೃತ್ತ ಸೈನಿಕನು ಬ್ಯಾಂಕಿನ ಗನ್‌ಮ್ಯಾನ್ ಆಗಬೇಕಾದರೆ ಬಂದೂಕಿನ ಲೈಸೆನ್ಸ್ ಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಮತ್ತು ಅರ್ಜಿದಾರ ಮಾದಕ ಪದಾರ್ಥಗಳ ಅವಲಂಬಿ ಅಲ್ಲ ಎಂದು ಅದರಲ್ಲಿ ಪ್ರತ್ಯೇಕವಾಗಿ ಬರೆದಿರಬೇಕು. ಗಮನಿಸಿ, 'ಹಿಂದೆ ಎಂದೂ ಕುಡಿದಿಲ್ಲ' ಎಂದು ಬರೆಯಬೇಕಾಗಿಲ್ಲ. ಈಗ ಅವಲಂಬಿಯಲ್ಲ ಎಂದರೆ ಸಾಕು. ಚಿಕಿತ್ಸೆ ಪಡೆದು ಕುಡಿತ ಬಿಟ್ಟವನ ವಿಷಯದಲ್ಲಿ ವೈದ್ಯರು ಅದನ್ನು ಸತ್ಯವಾಗಿ ಬರೆಯಬಲ್ಲರು.

ಪೊಲೀಸರು ಏನನ್ನು ನೋಡುತ್ತಾರೆ?

ಆಯ್ಕೆಯಾದ ಅಭ್ಯರ್ಥಿ ಅಟೆಸ್ಟೇಷನ್ ಫಾರಂ ತುಂಬಬೇಕು. ಹೆಸರು, ತಂದೆ ತಾಯಿ, ಓದು, ಕಳೆದ ಕೆಲವು ವರ್ಷಗಳಲ್ಲಿ ವಾಸ ಮಾಡಿದ ಊರುಗಳು, ಎಲ್ಲವನ್ನೂ ಬರೆಯಬೇಕು. ಆಮೇಲೆ ಮುಖ್ಯ ಪ್ರಶ್ನೆಗಳು: ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ? ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ? ದಂಡ ಹಾಕಿದ್ದಾರೆಯೇ? ಶಿಕ್ಷೆಯಾಗಿದೆಯೇ? ಈಗ ಯಾವುದಾದರೂ ಕೇಸು ಬಾಕಿ ಇದೆಯೇ?

ಈ ಫಾರಂ ಆಯಾ ಊರಿನ ಪೊಲೀಸರಿಗೆ ಹೋಗುತ್ತದೆ. ತಿಕೋಟಾದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಎರಡು ವರ್ಷ ದುಡಿದವನಾದರೆ ವಿಜಯಪುರ ಜಿಲ್ಲಾ ಪೊಲೀಸರೂ ಮಂಗಳೂರು ನಗರ ಪೊಲೀಸರೂ ವರದಿ ಕೊಡಬೇಕಾಗಬಹುದು. ಸ್ಟೇಷನ್ನಿನ ದಾಖಲೆಯಲ್ಲಿ ಕೇಸು ಇದೆಯೇ ಎಂದು ನೋಡುತ್ತಾರೆ. ಕೆಲವೊಮ್ಮೆ ಊರಿಗೆ ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾರೆ. ಆಸ್ಪತ್ರೆಯ ಕಡತ ತರಿಸಿ ನೋಡುವುದು ಈ ಪರಿಶೀಲನೆಯ ಕ್ರಮವಲ್ಲ. 'ಚಿಕಿತ್ಸೆಗೆ ಸೇರಿದ್ದೀರಾ' ಎಂಬುದು ಬಂಧನ, ಮೊಕದ್ದಮೆಗಳ ಈ ಪಟ್ಟಿಯಲ್ಲಿ ಇರುವ ಪ್ರಶ್ನೆಯೂ ಅಲ್ಲ.

ಒಂದು ಮಾತು ನೆನಪಿಡಬೇಕು. ಊರಿನವರ ಬಾಯಲ್ಲಿ ಏನಿದೆ ಎಂಬುದೂ ವಿಚಾರಣೆಯಲ್ಲಿ ಬರುತ್ತದೆ. 'ಹಿಂದೆ ಕುಡಿಯುತ್ತಿದ್ದ, ಈಗ ಬಿಟ್ಟು ಮೂರು ವರ್ಷವಾಯಿತು' ಎಂದು ನೆರೆಯವರು ಹೇಳಿದರೆ ಅದು ಒಳ್ಳೆಯ ಮಾತು. 'ಅವನು ಯಾವಾಗಲೂ ಬಾರ್ ಮುಂದೆಯೇ ಇರುತ್ತಾನೆ' ಎಂದರೆ ಅದೇ ತೊಂದರೆ.

ಚಿಕಿತ್ಸೆಯ ದಾಖಲೆ ಗುಪ್ತ

ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಈ ಕಾಯ್ದೆ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಆದ್ದರಿಂದ ಕುಡಿತದ ಚಟಕ್ಕೆ ಚಿಕಿತ್ಸೆ ಪಡೆಯುವವರಿಗೂ ಇದರ ರಕ್ಷಣೆ ಇದೆ.

ಕಾಯ್ದೆಯ 23ನೇ ಕಲಂ ರೋಗಿಯ ಕಾಯಿಲೆ, ಚಿಕಿತ್ಸೆಗಳ ಮಾಹಿತಿಯನ್ನು ಗುಪ್ತವಾಗಿಡುವ ಹಕ್ಕನ್ನು ಕೊಡುತ್ತದೆ. 21ನೇ ಕಲಂ ಪ್ರಕಾರ ಇಂಥವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮಾನವಾಗಿ ನಡೆಸಿಕೊಳ್ಳಬೇಕು. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ವ್ಯಕ್ತಿ ಬುದ್ಧಿ ಸ್ವಾಧೀನವಿಲ್ಲದವನು ಎಂದು ತಿಳಿಯಬಾರದು ಎಂದೂ 3ನೇ ಕಲಂ ಹೇಳುತ್ತದೆ. ತನ್ನ ದಾಖಲೆಗಳನ್ನು ತಾನು ಪಡೆಯುವ ಹಕ್ಕು 25ನೇ ಕಲಂನಲ್ಲಿದೆ.

ಗುಪ್ತತೆಗೆ ಕೆಲವು ವಿನಾಯಿತಿಗಳೂ ಇವೆ. ನ್ಯಾಯಾಲಯದ ಆದೇಶವಿದ್ದರೆ, ಬೇರೆಯವರಿಗೆ ಅಪಾಯ ತಪ್ಪಿಸಬೇಕಿದ್ದರೆ, ಸಾರ್ವಜನಿಕ ಸುರಕ್ಷತೆಗೆ ಅಗತ್ಯವಿದ್ದರೆ ವೈದ್ಯರು ಮಾಹಿತಿ ಕೊಡಬಹುದು. ಕುಡಿದು ಅಪಘಾತ ಮಾಡಿಕೊಂಡು ಅಥವಾ ಹೊಡೆದಾಟದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದರೆ ಪೊಲೀಸರಿಗೆ ತಿಳಿಸುತ್ತಾರೆ. ಅದು ಗಾಯದ ಕಾರಣಕ್ಕೆ. ತಾನಾಗಿ ಒಪಿಡಿಗೆ ಹೋಗಿ 'ಕುಡಿತ ಬಿಡಬೇಕು ಡಾಕ್ಟರೇ' ಎಂದವನ ಹೆಸರನ್ನು ಯಾರೂ ಸ್ಟೇಷನ್ನಿಗೆ ಕಳಿಸುವುದಿಲ್ಲ.

ಕುಡಿತದಿಂದ ಹುಟ್ಟುವ ಕೇಸುಗಳು

ನಿಜವಾದ ತೊಂದರೆ ಇರುವುದು ಇಲ್ಲಿ. ಸಣ್ಣದೆಂದು ಮರೆತ ಕೇಸು ಹತ್ತು ವರ್ಷದ ನಂತರ ಎದ್ದು ಬರುತ್ತದೆ.

ಮೊದಲನೆಯದು ಕುಡಿದು ವಾಹನ ಓಡಿಸುವುದು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಹೆಲ್ಮೆಟ್ ಇಲ್ಲದ್ದಕ್ಕೆ ಸ್ಥಳದಲ್ಲೇ ದಂಡ ಕಟ್ಟಿದಂತೆ ಇದನ್ನು ಕಟ್ಟಿ ಮುಗಿಸಲಾಗದು. ಇದು ನ್ಯಾಯಾಲಯಕ್ಕೆ ಹೋಗುತ್ತದೆ. ತಪ್ಪೊಪ್ಪಿಕೊಂಡು ಅಲ್ಲಿ ದಂಡ ಕಟ್ಟಿದರೆ ಅದು ಶಿಕ್ಷೆಯೇ. 'ಫೈನ್ ಕಟ್ಟಿ ಬಂದೆ, ಮುಗಿಯಿತು' ಎಂದು ತಿಳಿದ ಹುಡುಗ ಮುಂದೆ ಫಾರಂನಲ್ಲಿ 'ಇಲ್ಲ' ಎಂದು ಬರೆದು ಸಿಕ್ಕಿಕೊಳ್ಳುತ್ತಾನೆ.

ಎರಡನೆಯದು ಸಾರ್ವಜನಿಕ ಸ್ಥಳದಲ್ಲಿ ಕುಡಿದು ಗಲಾಟೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಪ್ರಕಾರ ಇದಕ್ಕೆ 24 ಗಂಟೆಯವರೆಗೆ ಸಾದಾ ಸಜೆ, 1,000 ರೂಪಾಯಿವರೆಗೆ ದಂಡ, ಅಥವಾ ಸಮುದಾಯ ಸೇವೆಯ ಶಿಕ್ಷೆ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ ತಪ್ಪಿಗೆ ದಂಡ ಕೇವಲ 10 ರೂಪಾಯಿ ಇತ್ತು. ಹಳ್ಳಿಗಳ ಕಡೆ ಬಯಲಿನಲ್ಲಿ, ಅಂಗಡಿ ಮುಂದೆ ಕುಡಿದದ್ದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಕಲಂ ಅಡಿಯಲ್ಲೂ ಕೇಸು ಹಾಕುತ್ತಾರೆ.

ಮೂರನೆಯದು ಜಾತ್ರೆಯಲ್ಲೋ ಮದುವೆಯಲ್ಲೋ ಅಮಲಿನಲ್ಲಿ ನಡೆದ ಹೊಡೆದಾಟ. ಹಿರಿಯರು ಕೂತು ರಾಜಿ ಮಾಡಿಸುತ್ತಾರೆ, ಲೋಕ ಅದಾಲತ್‌ನಲ್ಲಿ ಮುಗಿಯುತ್ತದೆ. ಕಾನೂನು ಅನುಮತಿಸುವ ಕೇಸುಗಳಲ್ಲಿ ಇಂಥ ರಾಜಿಗೆ ಬಿಡುಗಡೆಯ ಪರಿಣಾಮವೇ ಇದೆ. ಆದರೂ 'ನಿಮ್ಮ ಮೇಲೆ ಎಂದಾದರೂ ಕೇಸು ಇತ್ತೇ' ಎಂಬ ಪ್ರಶ್ನೆಗೆ 'ಹೌದು, ರಾಜಿಯಾಗಿ ಬಿಡುಗಡೆಯಾಗಿದೆ' ಎಂದೇ ಬರೆಯಬೇಕು.

ನಾಲ್ಕನೆಯದು ಮುಚ್ಚಳಿಕೆ. ಪದೇ ಪದೇ ಗಲಾಟೆ ಮಾಡುವವನನ್ನು ಶಾಂತಿಭಂಗದ ಹೆಸರಿನಲ್ಲಿ ತಹಶೀಲ್ದಾರರ ಮುಂದೆ ನಿಲ್ಲಿಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ತಿಕೋಟಾ ಮತ್ತು ಬಬಲೇಶ್ವರ ಈಗ ತಾಲ್ಲೂಕುಗಳಾದ್ದರಿಂದ ಈ ಕೆಲಸ ಅಲ್ಲಿಯೇ ನಡೆಯುತ್ತದೆ. ಇದು ಶಿಕ್ಷೆಯಲ್ಲ, ಆದರೆ ಫಾರಂನಲ್ಲಿ ಕೇಳುವ ವಿಷಯ.

ಸಣ್ಣ ಅಪರಾಧದಲ್ಲಿ ಮೊದಲ ಸಲ ಸಿಕ್ಕಿಬಿದ್ದವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ನ್ಯಾಯಾಲಯ ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮೇಲೆ ಬಿಡಬಹುದು. ಹಾಗೆ ಬಿಟ್ಟರೆ ಶಿಕ್ಷೆಗೆ ಅಂಟಿಕೊಳ್ಳುವ ಅನರ್ಹತೆ ತಗಲುವುದಿಲ್ಲ ಎಂದು 12ನೇ ಕಲಂ ಹೇಳುತ್ತದೆ. ಕೇಸು ನಡೆಯುವಾಗಲೇ ವಕೀಲರ ಮೂಲಕ ಇದನ್ನು ಕೇಳಬೇಕು. ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಸಹಾಯವಾಣಿ 15100.

ಫಾರಂನಲ್ಲಿ ಸತ್ಯ ಬರೆಯಬೇಕೇ?

ಬರೆಯಲೇಬೇಕು. ಇದರ ಬಗ್ಗೆ ಸುಪ್ರೀಂ ಕೋರ್ಟ್ ಹಲವು ಸಲ ತೀರ್ಪು ಕೊಟ್ಟಿದೆ.

2011ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ್ದ ಸಂದೀಪ್ ಕುಮಾರ್ ಎಂಬವರ ಪ್ರಕರಣ ಬಂತು. ಅವರ ಮೇಲೆ ಹಿಂದೆ ಹೊಡೆದಾಟದ ಕೇಸು ಇದ್ದು, ರಾಜಿಯಾಗಿ ಮುಗಿದಿತ್ತು. ಅರ್ಜಿಯಲ್ಲಿ ಅದನ್ನು ಹೇಳಿರಲಿಲ್ಲ. ಯೌವನದಲ್ಲಿ ಮಾಡಿದ ಸಣ್ಣ ತಪ್ಪಿಗೆ ಜೀವನವಿಡೀ ಹಣೆಪಟ್ಟಿ ಕಟ್ಟಬಾರದು ಎಂದು ನ್ಯಾಯಾಲಯ ಅವರ ಪರ ನಿಂತಿತು. ಒಂದು ರೊಟ್ಟಿ ಕದ್ದದ್ದಕ್ಕೆ ಜೀವನವಿಡೀ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಕಾದಂಬರಿಯ ಜಾನ್ ವಾಲ್‌ಜಾನ್‌ನ ಉದಾಹರಣೆಯನ್ನೂ ತೀರ್ಪಿನಲ್ಲಿ ಕೊಟ್ಟಿತು.

2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಒಟ್ಟು ನಿಯಮಗಳನ್ನು ಕೊಟ್ಟಿತು. ಸಾರಾಂಶ ಹೀಗೆ: ಕೇಳಿದ ಮಾಹಿತಿ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಬಾರದು. ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಮುಚ್ಚಿಟ್ಟಿದ್ದರೆ ನೇಮಕ ಮಾಡುವವರು ತಮ್ಮ ವಿವೇಚನೆಯಿಂದ ಕ್ಷಮಿಸಬಹುದು. ಗಂಭೀರ ಅಪರಾಧವಾದರೆ ನೇಮಕ ರದ್ದು ಮಾಡಬಹುದು. ಸತ್ಯ ಹೇಳಿದ ಮೇಲೂ ಪೂರ್ವಾಪರವನ್ನು ತೂಗಿ ನೋಡುವ ಅಧಿಕಾರ ಅವರಿಗಿದೆ. ಸತ್ಯ ಹೇಳಿದ್ದೇನೆ, ನೌಕರಿ ಕೊಡಲೇಬೇಕು ಎಂದು ಒತ್ತಾಯಿಸಲಾಗದು. 2022ರ ಸತೀಶ್ ಚಂದ್ರ ಯಾದವ್ ಪ್ರಕರಣದಲ್ಲಿ, ಸಮವಸ್ತ್ರದ ಪಡೆಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕೆಂದು ನ್ಯಾಯಾಲಯ ಹೇಳಿತು.

ಇದರಿಂದ ನಮ್ಮ ಯುವಕರು ಕಲಿಯಬೇಕಾದದ್ದು ಇಷ್ಟೇ. ಕುಡಿದು ಬೈಕ್ ಓಡಿಸಿ ದಂಡ ಕಟ್ಟಿದ್ದನ್ನು ಬರೆದು, ಜೊತೆಗೆ 'ಆಮೇಲೆ ಚಿಕಿತ್ಸೆ ಪಡೆದಿದ್ದೇನೆ, ಇಷ್ಟು ವರ್ಷದಿಂದ ಕುಡಿದಿಲ್ಲ' ಎಂದು ಹೇಳುವವನಿಗೆ ದಾರಿ ಇದೆ. 'ಇಲ್ಲ' ಎಂದು ಬರೆದವನ ದಾರಿಯನ್ನು ಆ ಒಂದು ಪದವೇ ಮುಚ್ಚಿಬಿಡಬಹುದು. ಏಜೆಂಟರು, ಗೆಳೆಯರು 'ಬರೀಬ್ಯಾಡ, ಯಾರಿಗೂ ಗೊತ್ತಾಗೂದಿಲ್ಲ' ಎಂದರೆ ನಂಬಬಾರದು. ಈಗ ಸ್ಟೇಷನ್ ದಾಖಲೆಗಳೂ ನ್ಯಾಯಾಲಯದ ದಾಖಲೆಗಳೂ ಕಂಪ್ಯೂಟರಿನಲ್ಲಿವೆ.

ವೈದ್ಯಕೀಯ ಪರೀಕ್ಷೆ ಬೇರೆಯೇ ವಿಷಯ

ಪೊಲೀಸ್ ವೆರಿಫಿಕೇಷನ್ ಬೇರೆ, ವೈದ್ಯಕೀಯ ಪರೀಕ್ಷೆ ಬೇರೆ. ಸೇನೆ, ಪೊಲೀಸ್, ರೈಲ್ವೆ ಇವುಗಳ ವೈದ್ಯರು ಅಭ್ಯರ್ಥಿ ಈಗ ಆರೋಗ್ಯವಾಗಿದ್ದಾನೆಯೇ ಎಂದು ನೋಡುತ್ತಾರೆ. ಯಕೃತ್ತು, ರಕ್ತದೊತ್ತಡ, ಕೈ ನಡುಕ, ಮನಸ್ಸಿನ ಸ್ಥಿತಿ ಎಲ್ಲವೂ ಅದರಲ್ಲಿ ಬರುತ್ತವೆ. ಹಿಂದಿನ ಕಾಯಿಲೆ, ಚಿಕಿತ್ಸೆಗಳ ಬಗ್ಗೆ ಅಲ್ಲಿ ಕೇಳಿದರೆ ಸತ್ಯ ಹೇಳಿ, ವೈದ್ಯರ ಪತ್ರ ತೋರಿಸಬೇಕು. ಇಲ್ಲಿ ಚಿಕಿತ್ಸೆಯ ಇತಿಹಾಸ ಲೆಕ್ಕಕ್ಕೆ ಬರಬಹುದು, ಅದರಲ್ಲೂ ಬಂದೂಕು ಹಿಡಿಯುವ ಕೆಲಸಗಳಲ್ಲಿ. ಆದರೆ ಚಿಕಿತ್ಸೆ ಇಲ್ಲದ ಕುಡಿತ ಅಲ್ಲಿ ಇನ್ನೂ ಬೇಗ ಬಯಲಾಗುತ್ತದೆ.

ಒಂದು ಎಚ್ಚರಿಕೆ ಬಹಳ ಮುಖ್ಯ. ಪರೀಕ್ಷೆಗೆ ವಾರವಿರುವಾಗ ಕೆಲವರು ಹಠ ಹಿಡಿದು ಒಮ್ಮೆಲೇ ಕುಡಿತ ನಿಲ್ಲಿಸುತ್ತಾರೆ. ಹಲವು ವರ್ಷ ದಿನವೂ ಹೆಚ್ಚು ಕುಡಿದವರಿಗೆ ಇದು ಅಪಾಯ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ವೈದ್ಯರ ಕೈಕೆಳಗೆ ಔಷಧದೊಂದಿಗೆ ಬಿಡಬೇಕು. ಪ್ರಾರ್ಥನೆ, ಆಣೆ, ಉಪವಾಸಗಳು ಮನಸ್ಸಿಗೆ ಬಲ ಕೊಡುತ್ತವೆ. ಫಿಟ್ಸ್ ತಡೆಯಲು ಔಷಧ ಬೇಕು.

ಕೆಲಸದಲ್ಲಿ ಇದ್ದವರಿಗೆ

ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 22ನೇ ನಿಯಮ ಮದ್ಯದ ಬಗ್ಗೆಯೇ ಇದೆ. ಕರ್ತವ್ಯದ ವೇಳೆ ಅಮಲಿನಲ್ಲಿರಬಾರದು, ಸಾರ್ವಜನಿಕವಾಗಿ ಅಮಲೇರಿ ಕಾಣಿಸಿಕೊಳ್ಳಬಾರದು, ಮಿತಿಮೀರಿ ಕುಡಿಯುವ ಚಟ ಇರಬಾರದು. ಶಿಸ್ತುಕ್ರಮ ಆಗುವುದು ಈ ತಪ್ಪುಗಳಿಗೆ. ಚಿಕಿತ್ಸೆಗೆ ರಜೆ ಹಾಕಿ ಹೋಗುವುದನ್ನು ನಿಯಮ ಎಲ್ಲಿಯೂ ತಪ್ಪು ಎಂದಿಲ್ಲ.

ಸೇನೆಯಲ್ಲಿ ಪದ್ಧತಿ ಬೇರೆ. ಮದ್ಯ ಅವಲಂಬನೆ ಎಂದು ವೈದ್ಯರು ಗುರುತಿಸಿದ ಯೋಧನನ್ನು ಸಾಮಾನ್ಯವಾಗಿ ಕೆಳಗಿನ ವೈದ್ಯಕೀಯ ದರ್ಜೆಯಲ್ಲಿಟ್ಟು, ಚಿಕಿತ್ಸೆ ಕೊಟ್ಟು, ಕೆಲವು ಕಾಲ ಗಮನಿಸುತ್ತಾರೆ. ಚೇತರಿಸಿದರೆ ದರ್ಜೆ ಮೇಲೇರುತ್ತದೆ. ಮತ್ತೆ ಮತ್ತೆ ಕುಡಿತಕ್ಕೆ ಬಿದ್ದರೆ ಸೇವೆಯೇ ಹೋಗಬಹುದು. ಹಾಗಾಗಿ ರಜೆಗೆ ಊರಿಗೆ ಬಂದ ಯೋಧನಿಗೆ 'ಒಂದು ಗ್ಲಾಸು ತಗೋ' ಎಂದು ಒತ್ತಾಯಿಸುವ ಗೆಳೆಯ ಅವನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾನೆ.

ಪಾಸ್‌ಪೋರ್ಟ್ ಮತ್ತು ಹೊರದೇಶ

ಗಲ್ಫ್‌ಗೆ ಹೋಗುವವರಿಗೆ ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕಾಗುತ್ತದೆ. ಇದು ಕ್ರಿಮಿನಲ್ ದಾಖಲೆಗೆ ಸಂಬಂಧಿಸಿದ್ದು, ಆಸ್ಪತ್ರೆಗೆ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ಪ್ರಕಾರ, ಕಳೆದ 5 ವರ್ಷದಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ 2 ವರ್ಷದ ಜೈಲು ಶಿಕ್ಷೆಯಾದವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕ್ರಿಮಿನಲ್ ಕೇಸು ಬಾಕಿ ಇದ್ದರೂ ನಿರಾಕರಿಸಬಹುದು. ಆಗ ನ್ಯಾಯಾಲಯದ ಅನುಮತಿ ತರಬೇಕು. ಕುವೈತಿನಂಥ ದೇಶದಲ್ಲಿ ಮದ್ಯವೇ ನಿಷಿದ್ಧ. ಚಟ ಬಿಡದೆ ಅಲ್ಲಿಗೆ ಹೋದವನಿಗೆ ಕಾದಿರುವುದು ಜೈಲು ಮತ್ತು ಗಡೀಪಾರು.

ಅಮೆರಿಕದಲ್ಲಿ ಸರ್ಕಾರದ ಗುಪ್ತ ಮಾಹಿತಿ ನೋಡುವ ಹುದ್ದೆಗಳಿಗೆ ಕೊಡುವ ಭದ್ರತಾ ಅನುಮತಿಗೆ ಬಹಿರಂಗ ಮಾನದಂಡಗಳಿವೆ. ಅಲ್ಲಿಯ ಪೌರತ್ವ ಪಡೆದ ನಮ್ಮವರ ಮಕ್ಕಳಿಗೆ ಇದು ಉಪಯೋಗವಾದೀತು. 2017ರ ಜೂನ್‌ನಲ್ಲಿ ಜಾರಿಗೆ ಬಂದ ಮಾನದಂಡಗಳಲ್ಲಿ ಒಂದು ಪೂರ್ತಿ ಭಾಗವೇ ಮದ್ಯಪಾನದ ಬಗ್ಗೆ ಇದೆ. ಕುಡಿದು ವಾಹನ ಓಡಿಸಿದ್ದು, ಕೆಲಸಕ್ಕೆ ಅಮಲಿನಲ್ಲಿ ಬಂದದ್ದು, ವೈದ್ಯರ ಸಲಹೆ ಮೀರಿದ್ದು, ಇವೆಲ್ಲ ಆತಂಕದ ಅಂಶಗಳು. ಆದರೆ ಅದರ ಕೆಳಗೇ ಸಮಾಧಾನದ ಅಂಶಗಳೂ ಇವೆ: ಘಟನೆ ನಡೆದು ಬಹಳ ಕಾಲವಾಗಿದೆ, ವ್ಯಕ್ತಿ ತನ್ನ ತಪ್ಪನ್ನು ಒಪ್ಪಿ ದಾಟಲು ಶ್ರಮಿಸಿದ್ದಾನೆ, ಚಿಕಿತ್ಸೆಯಲ್ಲಿ ಇದ್ದು ಮತ್ತೆ ಜಾರಿಲ್ಲ, ಚಿಕಿತ್ಸೆ ಪೂರ್ಣಗೊಳಿಸಿ ಬದಲಾದ ನಡತೆಯನ್ನು ತೋರಿಸಿದ್ದಾನೆ. ಅಂದರೆ ಅಲ್ಲಿ ಚಿಕಿತ್ಸೆ ಅರ್ಜಿದಾರನ ಪರ ನಿಲ್ಲುವ ಸಾಕ್ಷಿ. ನಮ್ಮ ದೇಶದಲ್ಲಿ ಇದನ್ನು ಹೀಗೆ ಪಟ್ಟಿ ಮಾಡಿ ಬರೆದಿಲ್ಲದಿದ್ದರೂ, ಸುಪ್ರೀಂ ಕೋರ್ಟ್ ತೀರ್ಪುಗಳು ನೋಡಲು ಹೇಳುವುದು ಹೆಚ್ಚು ಕಡಿಮೆ ಇದನ್ನೇ: ಏನಾಯಿತು, ಯಾವಾಗ ಆಯಿತು, ಈಗ ವ್ಯಕ್ತಿ ಹೇಗಿದ್ದಾನೆ, ಸತ್ಯ ಹೇಳಿದ್ದಾನೆಯೇ.

ಯಾವ ಕಾಗದ ಇಟ್ಟುಕೊಳ್ಳಬೇಕು?

ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ನಂತರ ತಪಾಸಣೆಗೆ ಹೋದ ಒಪಿಡಿ ಚೀಟಿಗಳು, ಕೌನ್ಸೆಲರ್ ಅಥವಾ ವೈದ್ಯರ ಪತ್ರ, ಕೆಲಸ ಮಾಡಿದ ಕಡೆಯ ಹಾಜರಾತಿ ಮತ್ತು ನಡತೆಯ ಪತ್ರ – ಇವನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಕೇಸು ಇದ್ದಿದ್ದರೆ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿ ತೆಗೆದಿಡಿ. ಕೇಳದವರಿಗೆ ಇವನ್ನು ತೋರಿಸುತ್ತ ತಿರುಗಬೇಕಾಗಿಲ್ಲ. ಕೇಳಿದಾಗ ಇಲ್ಲವೆನ್ನುವಂತೆಯೂ ಆಗಬಾರದು. ಮದ್ಯವಿಲ್ಲದೆ 12 ತಿಂಗಳು ದಾಟಿದರೆ ವೈದ್ಯಶಾಸ್ತ್ರವೂ ಅದನ್ನು ಸ್ಥಿರವಾದ ಚೇತರಿಕೆ ಎಂದು ಬೇರೆಯಾಗಿ ಗುರುತಿಸುತ್ತದೆ. ಆದ್ದರಿಂದ ಭರ್ತಿಯ ವರ್ಷ ಕಾಯದೆ ಇಂದೇ ಆರಂಭಿಸಿದವನಿಗೆ ಲಾಭ.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆಗಳಲ್ಲಿ ಹೆಸರಿನ ಪಟ್ಟಿ ಇಡುವುದಿಲ್ಲ, ಪ್ರಮಾಣಪತ್ರ ಕೊಡುವುದೂ ಇಲ್ಲ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಬಳಗದ ಹೆಸರೇ 'ಅನಾಮಿಕ'. ಹೆಸರು ಹೊರಬೀಳುವ ಭಯವಿದ್ದವರು ಅಲ್ಲಿಗೆ ಧೈರ್ಯವಾಗಿ ಹೋಗಬಹುದು.

ಎಲ್ಲಿ ಹೋಗಬೇಕು?

ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆ, ಬಿ.ಎಲ್.ಡಿ.ಇ. ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ತಿಕೋಟಾ, ಬಬಲೇಶ್ವರದಿಂದ ಬಸ್ಸು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಗಿದೆ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ರಾಜ್ಯದಾದ್ಯಂತ ನಡೆಯುತ್ತವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮನಸ್ 14416, ಎರಡಕ್ಕೂ ಹಣವಿಲ್ಲ.

ಶಿಬಿರಗಳ ಸಮಾರೋಪದಲ್ಲಿ ಫೋಟೊ ತೆಗೆದು ಪತ್ರಿಕೆಗೆ ಕೊಡುವ ರೂಢಿ ಹಲವು ಕಡೆ ಇದೆ. ಫೋಟೊ ಬೇಡ ಎನ್ನುವ ಹಕ್ಕು ಶಿಬಿರಾರ್ಥಿಗೆ ಇದೆ. ಸಂಘಟಕರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಧರ್ಮಕೇಂದ್ರದವರು ಏನು ಮಾಡಬಹುದು?

ಗುರ್ಕಾರರು, ಪಾಲನಾ ಮಂಡಳಿಯವರು, ಸ್ತ್ರೀ ಸಂಘಟನೆಯವರು, ಯುವ ಸಂಘಟನೆಯ ಮುಂದಾಳುಗಳು ಮೊದಲು ಈ ತಪ್ಪು ಕಲ್ಪನೆಯನ್ನು ಹೋಗಲಾಡಿಸಬೇಕು. 'ಚಿಕಿತ್ಸೆಗೆ ಹೋದರೆ ಹೆಸರು ಕೆಡುತ್ತದೆ' ಎಂಬ ಮಾತನ್ನು ಎಲ್ಲಿ ಕೇಳಿದರೂ ತಿದ್ದಿ. ವಾಳೆಯ ಸಭೆಯಲ್ಲಿ, ಪ್ರಾರ್ಥನಾ ಕೂಟದಲ್ಲಿ ಯಾರದೇ ಹೆಸರು ಹೇಳಿ 'ಇವರ ಕುಡಿತ ಬಿಡಲೆಂದು ಪ್ರಾರ್ಥಿಸೋಣ' ಎನ್ನಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದು ಊರ ಬಾಯಿಗೆ ಬೀಳುತ್ತದೆ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಧರ್ಮಗುರುಗಳು ಎಂದಿಗೂ ಹೊರಗೆ ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮನೆ ಭೇಟಿಯಲ್ಲಿ ಕೇಳಿದ ದುಃಖವನ್ನೂ ಅಷ್ಟೇ ಜೋಪಾನವಾಗಿಡಲು ನಾವು ಕಲಿಯಬೇಕು.

ನಡತೆಯ ಪತ್ರ ಕೇಳಿದಾಗ ಸುಳ್ಳು ಬರೆಯುವುದೂ ಬೇಡ, ಕೇಳದ್ದನ್ನು ಬರೆಯುವುದೂ ಬೇಡ. 'ಇಷ್ಟು ವರ್ಷದಿಂದ ಬಲ್ಲೆ, ದುಡಿದು ಮನೆ ನಡೆಸುತ್ತಿದ್ದಾನೆ, ಧರ್ಮಕೇಂದ್ರದ ಕೆಲಸಗಳಲ್ಲಿ ಜವಾಬ್ದಾರಿ ಹೊತ್ತಿದ್ದಾನೆ' ಎಂದು ಕಂಡದ್ದನ್ನು ಬರೆಯಿರಿ. ಚಿಕಿತ್ಸೆಯ ವಿಷಯ ಬರೆಯಬೇಕಾದರೆ ಅವನ ಒಪ್ಪಿಗೆ ಪಡೆಯಿರಿ. ವಿಜಯಪುರದಿಂದ ಬಂದ ಕಾರ್ಮಿಕನಾದರೆ ಫಾರಂ ತುಂಬಲು, ಆಸ್ಪತ್ರೆಗೆ ಹೋಗಲು ಜೊತೆಗೊಬ್ಬರನ್ನು ಕಳಿಸಿ. ಅವನ ಹೆಂಡತಿಗೆ ಧೈರ್ಯ ಹೇಳಿ.

ಕೊನೆಯದಾಗಿ ಒಂದು ಮಾತು. ಮುಂಬೈ ಮಹಾಧರ್ಮಪ್ರಾಂತ್ಯದ ಫಾದರ್ ಜೋ ಪಿರೇರಾ ತಾವೂ ಮದ್ಯವ್ಯಸನಿಯಾಗಿದ್ದುದನ್ನು ಬಹಿರಂಗವಾಗಿಯೇ ಹೇಳಿಕೊಂಡವರು. ಚೇತರಿಸಿಕೊಂಡು 1981ರಲ್ಲಿ ಕೃಪಾ ಫೌಂಡೇಷನ್ ಕಟ್ಟಿ ಸಾವಿರಾರು ಮಂದಿಗೆ ದಾರಿ ತೋರಿಸಿದರು. 2009ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅವರ ಹಿಂದಿನ ಕುಡಿತ ಆ ಗೌರವಕ್ಕೆ ಅಡ್ಡ ಬರಲಿಲ್ಲ.

ಆದ್ದರಿಂದ ಆ ಯುವಕನಿಗೆ ನಾವು ಹೇಳಬೇಕಾದ ಉತ್ತರ ಇದು: "ತಮ್ಮಾ, ದವಾಖಾನಿಗೆ ಹೋದದ್ದು ಪೊಲೀಸ್ ರೆಕಾರ್ಡಿಗೆ ಹೋಗುವುದಿಲ್ಲ. ಹೋಗದೆ ಉಳಿದರೆ ಮಾತ್ರ ಒಂದು ದಿನ ಹೋಗಬಹುದು. ನಾಳೆ ಬೆಳಿಗ್ಗೆ ಸಿದ್ಧನಾಗಿರು, ಜೊತೆಗೆ ನಾನೂ ಬರುತ್ತೇನೆ."